ಜಾತಕ ಹೊರಗೆ ಹೋಗಿದೆ, ನಾನು ಇನ್ನೂ ಒಳಗೇ ಇದ್ದೇನೆ

ಹಿನ್ನೀರಿನ ಮಾಣಿ · ಶನಿವಾರ ರಾತ್ರಿ 10:40
ಎಲ್ಲರಿಗೂ ನಮಸ್ಕಾರ. ಊರು ಸಾಗರ ತಾಲ್ಲೂಕಿನ ಒಂದು ಮೂಲೆ. ಬಸ್ಸು ಇಳಿದು ಎರಡು ಮೈಲಿ ನಡೆದರೆ ನಮ್ಮ ಮನೆ, ಅದರಾಚೆ ಕಾಡು. ವಯಸ್ಸು 28, ಕೆಲಸ ಬೆಂಗಳೂರಿನಲ್ಲಿ. ನಾನು ಗೇ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು, ಬೆರಳು ಸ್ವಲ್ಪ ನಡುಗುತ್ತಿದೆ.

ವಿಷಯ ಗೊತ್ತಿರುವವರು ಮೂವರು. ಇಬ್ಬರು ಗೆಳೆಯರು, ಮತ್ತೆ ಅಕ್ಕ. ಅಕ್ಕನಿಗೆ ಎರಡು ವರ್ಷದ ಹಿಂದೆ ತಾಳಗುಪ್ಪದ ರೈಲಿನಲ್ಲಿ ಹೇಳಿದೆ. ಅರಸೀಕೆರೆ ದಾಟುವವರೆಗೆ ಬಾಯಿ ಬರಲಿಲ್ಲ. ಅವಳು ಕಡೂರಿನವರೆಗೆ ಅತ್ತಳು, ಬೀರೂರಿನಲ್ಲಿ ಚಹಾ ಕುಡಿಸಿದಳು.

ಈಗ ನನ್ನ ಜಾತಕ ಹೊರಗೆ ಹೋಗಿದೆ. ಅಮ್ಮ ನಾಲ್ಕು ಪ್ರತಿ ಮಾಡಿಸಿ ಒಂದನ್ನು ಹೊಸನಗರದ ಚಿಕ್ಕಪ್ಪನ ಕೈಗೆ ಕೊಟ್ಟಿದ್ದಾಳೆ. ಅವರ ಕೈಗೆ ಹೋದ ಜಾತಕ ಸುಮ್ಮನೆ ಮಲಗಿದ ದಾಖಲೆಯಿಲ್ಲ. ದೀಪಾವಳಿಗೆ ಊರಿಗೆ ಹೋದರೆ ಹುಡುಗಿ ನೋಡುವುದು ಖಚಿತ.

ನನ್ನ ಕಚೇರಿಯ ಗೆಳೆಯನೊಬ್ಬ ಜಯನಗರದವನು. ಒಂದು ಭಾನುವಾರ ಊಟಕ್ಕೆ ಕುಳಿತಾಗ ಅಪ್ಪ ಅಮ್ಮನಿಗೆ ಹೇಳಿಬಿಟ್ಟ. ಮೂರು ತಿಂಗಳು ಮನೆಯಲ್ಲಿ ಮಾತಿರಲಿಲ್ಲ, ಈಗ ಎಲ್ಲ ಸರಿಹೋಗಿದೆ. ನನಗೂ ಹೇಳು ಹೇಳು ಎನ್ನುತ್ತಾನೆ. ಅವನಿಂದ ಆದದ್ದು ನನ್ನಿಂದ ಏಕೆ ಆಗುತ್ತಿಲ್ಲ? ಇದು ನನ್ನ ಹೇಡಿತನವೋ, ಊರಿನ ಗುಣವೋ? ಒಬ್ಬರು ಹೇಳುವಂತೆ, ಇನ್ನೊಬ್ಬರು ನುಂಗಿಕೊಳ್ಳುವಂತೆ ಮಾಡುವುದು ಯಾವುದು? ಅನುಭವ ಇದ್ದವರು ಬರೆಯಿರಿ.

ಸೋಗೆಮನೆ
ಹೇಡಿತನ ಎನ್ನಬೇಡಿ. ಜಯನಗರದಲ್ಲಿ ಎದುರು ಮನೆಯವರಿಗೆ ನಿಮ್ಮ ಹೆಸರೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಮನೆಮನೆಗೆ ಅರ್ಧ ಮೈಲಿ ಅಂತರ, ಆದರೂ ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಬಿದ್ದ ಮಾತು ಮಧ್ಯಾಹ್ನ ಸೊಸೈಟಿ ತಲುಪಿ, ಸಂಜೆಗೆ ನೆಂಟರ ಫೋನಿನಲ್ಲಿ ಬಣ್ಣ ಬಳಿದುಕೊಂಡು ನಮ್ಮ ಮನೆಗೇ ವಾಪಸು ಬರುತ್ತದೆ. ನಿಮ್ಮ ಗೆಳೆಯ ಇಬ್ಬರಿಗೆ ಹೇಳಿದ. ನೀವು ಹೇಳಿದರೆ ಇಡೀ ಸೀಮೆಗೆ ಹೇಳಿದ ಹಾಗೆ.

ತುಂಗೆಯ ದಡ
ಬೆಂಗಳೂರಿನವರೆಲ್ಲ ಹೇಳಿಕೊಂಡು ಸುಖವಾಗಿದ್ದಾರೆ ಎಂದುಕೊಳ್ಳಬೇಡಿ. ಬಸವನಗುಡಿಯ ಒಬ್ಬರನ್ನು ಬಲ್ಲೆ. ನಲವತ್ತಾಯಿತು, ಇನ್ನೂ ‘ಕೆಲಸದ ಒತ್ತಡ’ ಎಂದೇ ಮದುವೆ ಮುಂದೂಡುತ್ತಿದ್ದಾರೆ.

ನಿವೃತ್ತ ಮೇಷ್ಟರು, ಕೊಪ್ಪ
ನನ್ನ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ. ಯಾರು ಹೇಗೆ ಬದುಕಿದರೂ ನನಗೆ ಅಡ್ಡಿಯಿಲ್ಲ. ಆದರೆ ಇದನ್ನು ಹೇಳಲೇಬೇಕೆಂಬ ಹಟ ಏಕೆ? ನಮ್ಮ ಕಾಲದಲ್ಲಿ ಗಂಡ ಹೆಂಡತಿ ಹಿರಿಯರೆದುರು ಒಟ್ಟಿಗೆ ಕುಳಿತುಕೊಳ್ಳುತ್ತಲೂ ಇರಲಿಲ್ಲ. ಮಲಗುವ ಮನೆಯ ವಿಷಯ ಜಗಲಿಗೆ ಬರಬಾರದು. ಇದು ಎಲ್ಲರಿಗೂ ಒಂದೇ ನಿಯಮ, ಅವರಿಗೆ ಮಾತ್ರ ಅಲ್ಲ.

ನೆಲ್ಲಿಕಾಯಿ
ಮೇಷ್ಟರೇ, ನಿಮ್ಮ ಮದುವೆಗೆ ಎಷ್ಟು ಕರೆಯೋಲೆ ಹಂಚಿದ್ದರು? ಚಪ್ಪರ ಹಾಕಿ, ವಾಲಗ ಊದಿಸಿ, ಇಂಥವನು ಇಂಥವಳ ಜೊತೆ ಬದುಕುತ್ತಾನೆ ಎಂದು ಸಾವಿರ ಜನಕ್ಕೆ ಊಟ ಹಾಕಿ ಹೇಳಿದ್ದು ಜಗಲಿಯ ವಿಷಯವೋ, ಮಲಗುವ ಮನೆಯ ವಿಷಯವೋ?

ನಿವೃತ್ತ ಮೇಷ್ಟರು, ಕೊಪ್ಪ
ಆರುನೂರು. ಅಡುಗೆ ಸಾಲದೆ ಬಂದು ಎರಡನೇ ಪಂಕ್ತಿಗೆ ಮತ್ತೆ ಅನ್ನಕ್ಕೆ ಇಟ್ಟರು. ನಿಮ್ಮ ಪ್ರಶ್ನೆಗೆ ಉತ್ತರ ಯೋಚಿಸಿ ಬರೆಯುತ್ತೇನೆ.

ಶಂಕರಘಟ್ಟದ ಹಾಸ್ಟೆಲ್
ನಾನು ಈ ವಿಷಯ ಓದುತ್ತಿರುವವಳು, ಸ್ವಲ್ಪ ಉದ್ದ ಬರೆಯುತ್ತೇನೆ.

1979ರಲ್ಲಿ ವಿವಿಯನ್ ಕಾಸ್ ಎಂಬ ಆಸ್ಟ್ರೇಲಿಯಾದ ಮನಶ್ಶಾಸ್ತ್ರಜ್ಞೆ, ಒಬ್ಬರು ತಾನು ಗೇ ಎಂದು ಗುರುತಿಸಿಕೊಳ್ಳುವ ದಾರಿಯನ್ನು ಆರು ಹಂತಗಳಾಗಿ ವಿವರಿಸಿದರು. ಗೊಂದಲದಿಂದ ಶುರುವಾಗಿ, ತನ್ನನ್ನು ತಾನು ಒಪ್ಪಿಕೊಂಡು, ಹೆಮ್ಮೆಪಟ್ಟು, ಕೊನೆಗೆ ಅದು ಬದುಕಿನ ಹಲವು ಸಂಗತಿಗಳಲ್ಲಿ ಒಂದಾಗಿಬಿಡುವುದು. ಮೆಟ್ಟಿಲು ಹತ್ತಿದ ಹಾಗೆ. ಕೇಳಲು ಚೆನ್ನಾಗಿದೆ, ಆದರೆ ನಮ್ಮ ಮನೆಗಳಲ್ಲಿ ಒಬ್ಬನೇ ಮನುಷ್ಯ ಅಕ್ಕನ ಎದುರು ಐದನೇ ಮೆಟ್ಟಿಲಲ್ಲಿ, ಅಪ್ಪನ ಎದುರು ಮೊದಲನೆಯದರ ಕೆಳಗೆ, ಚಿಕ್ಕಪ್ಪ ಬಂದರೆ ಅಟ್ಟದಲ್ಲಿ ಅಡಗಿರುತ್ತಾನೆ. ಎಲ್ಲವೂ ಒಂದೇ ದಿನದಲ್ಲಿ. ಒಮ್ಮೆ ಹೇಳಿ ಮುಗಿಸುವ ಕೆಲಸವೇ ಇದಲ್ಲ. ಪ್ರತಿ ಹೊಸ ಬಾಡಿಗೆ ಮನೆಯಲ್ಲಿ, ಹೊಸ ಕೆಲಸದಲ್ಲಿ ಮತ್ತೆ ಹೇಳಬೇಕೋ ಬೇಡವೋ ಎಂದು ಲೆಕ್ಕ ಹಾಕಬೇಕಾಗುತ್ತದೆ. ಆ ಲೆಕ್ಕವೇ ಆಯಾಸ.

ಯಾರಿಗೆ ಮೊದಲು ಎಂಬುದಕ್ಕೆ ಒಂದು ಅಂಕಿ. ಪ್ಯೂ ಎಂಬ ಸಂಶೋಧನಾ ಸಂಸ್ಥೆ 2013ರಲ್ಲಿ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯಲ್ಲಿ ತಾಯಿಗೆ ಹೇಳಿದ್ದೇವೆ ಎಂದವರು 56 ಶೇಕಡಾ, ತಂದೆಗೆ ಹೇಳಿದವರು 39. ತನ್ನಲ್ಲಿ ಏನೋ ಬೇರೆ ಇದೆ ಎಂದು ಅನ್ನಿಸಿದ ವಯಸ್ಸು ಮಧ್ಯಮ ಲೆಕ್ಕದಲ್ಲಿ (ಅರ್ಧ ಜನ ಅದಕ್ಕಿಂತ ಮೊದಲು, ಅರ್ಧ ಜನ ಆಮೇಲೆ) 12, ಯಾರಿಗಾದರೂ ಮೊದಲ ಬಾರಿ ಹೇಳಿದ್ದು 20. ಎಂಟು ವರ್ಷ ಒಬ್ಬರೇ ಹೊತ್ತದ್ದು.

ಅಡಿಕೆ ಮಂಡಿ
ಅಮೆರಿಕದ ಅಂಕಿ ಕಟ್ಟಿಕೊಂಡು ಸಾಗರದವರಿಗೆ ಏನಾಗಬೇಕು? ಅಲ್ಲಿ ಹದಿನೆಂಟಕ್ಕೆ ಮನೆ ಬಿಡುತ್ತಾರೆ. ಇಲ್ಲಿ ಐವತ್ತಾದರೂ ಪಾಲಾಗಿರುವುದಿಲ್ಲ.

ಶಂಕರಘಟ್ಟದ ಹಾಸ್ಟೆಲ್
ಅದನ್ನೇ ಹೇಳಲು ಹೊರಟಿದ್ದೆ, ನೀವು ಒಂದೇ ಸಾಲಿನಲ್ಲಿ ಮುಗಿಸಿದಿರಿ. ಅಪ್ಪಯ್ಯನ ಮುನಿಸು ಅಲ್ಲಿ ಬರೀ ಮುನಿಸು. ಇಲ್ಲಿ ಅದು ತೋಟ, ಮನೆ, ದೇವರಪೂಜೆಯ ಸರದಿ, ತಂಗಿಯ ಮದುವೆ ಎಲ್ಲದರ ಮೇಲೆ ಕೂರುತ್ತದೆ.

ಹಿನ್ನೀರಿನ ಮಾಣಿ
ಪಾಲಿನ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನಮ್ಮದು ಅಜ್ಜ ಮಾಡಿದ ತೋಟ. ಗೊತ್ತಾದರೆ ಅಪ್ಪಯ್ಯ ‘ನಿನಗೆ ಬಿಡಿಗಾಸಿಲ್ಲ’ ಎನ್ನಬಹುದೇ?

ಕರಿಕೋಟು
ಎನ್ನಬಹುದು, ಬಾಯಿಗೆ ತೆರಿಗೆಯಿಲ್ಲ. ಮಾಡುವುದು ಬೇರೆ ಮಾತು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಾಗಿದ್ದರೆ ಅದರಲ್ಲಿ ನಿಮ್ಮ ಹಕ್ಕು ಹುಟ್ಟಿನಿಂದ ಬಂದದ್ದು. ನೀವು ಯಾರನ್ನು ಪ್ರೀತಿಸುತ್ತೀರಿ ಎಂಬ ಕಾರಣಕ್ಕೆ ಅದು ಹೋಗುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿಯ ನಂತರ ನಿಮ್ಮ ಅಕ್ಕನಿಗೂ ಅದೇ ಹಕ್ಕು. ಆದರೆ ತಂದೆ ತನ್ನ ಸ್ವಯಾರ್ಜಿತವನ್ನೂ ಪಿತ್ರಾರ್ಜಿತದಲ್ಲಿ ತನ್ನ ಪಾಲನ್ನೂ ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಅಜ್ಜ ಮಾಡಿದ ತೋಟ ಎಂದಿರಿ. ಅದು ಯಾರ ಹೆಸರಿಗೆ ಹೇಗೆ ಬಂತು ಎಂಬುದನ್ನು ಪಹಣಿ, ಹಳೆಯ ವಿಭಾಗಪತ್ರ ನೋಡದೆ ಹೇಳಲಾಗದು. ಕಾಗದ ತೆಗೆಸಿ ಇಟ್ಟುಕೊಳ್ಳಿ. ಜಗಳವಾದ ಮೇಲೆ ಪೆಟ್ಟಿಗೆಯ ಕೀಲಿ ಸಿಗುವುದಿಲ್ಲ.

ಸೊರಬದವನು
ಎಲ್ಲರೂ ತೋಟ, ಪಾಲು ಎನ್ನುತ್ತಿದ್ದೀರಿ. ನನ್ನ ಅಪ್ಪ ಮರ ಹತ್ತಿ ಅಡಿಕೆ ಕೊನೆ (ಗೊನೆ) ತೆಗೆಯುವವರು, ಅಮ್ಮ ಅಡಿಕೆ ಸುಲಿಯಲು ಹೋಗುತ್ತಾಳೆ. ಕಳೆದುಕೊಳ್ಳಲು ಪಾಲೇ ಇಲ್ಲ, ನನಗೆ ಹೇಳುವುದು ಸುಲಭ ಎಂದುಕೊಂಡೀರಾ? ನನ್ನ ವಿಷಯ ಹೊರಬಿದ್ದರೆ ಸುಲಿಯುವ ಮನೆಯಲ್ಲಿ ಅಮ್ಮನ ಪಕ್ಕ ಕುಳಿತವರು ರಾತ್ರಿ ಹನ್ನೊಂದರವರೆಗೆ ಅದನ್ನೇ ಸುಲಿಯುತ್ತಾರೆ. ಅಪ್ಪನನ್ನು ಮುಂದಿನ ಸುಗ್ಗಿಗೆ ಕರೆಯದಿದ್ದರೆ ಕಾರಣ ಕೇಳುವ ಹಾಗಿಲ್ಲ. ನಾನು ಇನ್ನೂ ಹೇಳಿಲ್ಲ.

ಇನ್ನೊಂದು. ಊರಿನಲ್ಲಿ ನನಗೆ ಮೊದಲೇ ಒಂದು ಹೆಸರಿದೆ, ಜಾತಿಯದು. ಎರಡನೆಯದನ್ನು ಹೊರಲು ಸದ್ಯಕ್ಕೆ ಹೆಗಲಿಲ್ಲ.

ಹಿನ್ನೀರಿನ ಮಾಣಿ
ಸೊರಬದವರೇ, ಇದು ನನಗೆ ಹೊಳೆದೇ ಇರಲಿಲ್ಲ.

ಸೊರಬದವನು
ಗೊತ್ತು. ಬೇಸರವಿಲ್ಲ.

ಕರಿಕೋಟು
ಕಾನೂನು ಗೊತ್ತಿಲ್ಲದೆ ಹೆದರುವವರು ಇನ್ನೂ ಇದ್ದಾರೆ, ಅದಕ್ಕೆ ಒಂದು ಮಾತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನಿಂದ ವಯಸ್ಕರ ಒಪ್ಪಿಗೆಯ ಸಂಬಂಧವನ್ನು ಹೊರಗಿಟ್ಟಿತು. ಅಲ್ಲಿಯವರೆಗೆ ಅಪರಾಧವೇ ಆಗಿತ್ತು.

ತುಂಗೆಯ ದಡ
2018 ಅಲ್ಲ. 2009ರಲ್ಲೇ ಆಗಿತ್ತು. ಆಗ ನಾನು ಪದವಿ ಓದುತ್ತಿದ್ದೆ, ಪೇಪರಿನಲ್ಲಿ ಬಂದದ್ದು ನೆನಪಿದೆ.

ಕರಿಕೋಟು
ಇಬ್ಬರದೂ ಸರಿ. 2009ರದು ದೆಹಲಿ ಹೈಕೋರ್ಟಿನ ತೀರ್ಪು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಮತ್ತೆ ಐದು ನ್ಯಾಯಮೂರ್ತಿಗಳ ಪೀಠ 2018ರಲ್ಲಿ ತಿರುಗಿಸಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಇಲ್ಲವೇ ಇಲ್ಲ. ಮದುವೆಯ ಹಕ್ಕು ಮಾತ್ರ ಸಿಕ್ಕಿಲ್ಲ, 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ಅದನ್ನು ಶಾಸಕಾಂಗಕ್ಕೆ ಬಿಟ್ಟಿತು.

ತುಂಗೆಯ ದಡ
ಹಾಗಾದರೆ ನನ್ನ ಕಥೆಗೆ ಈಗ ಲೆಕ್ಕ ಸಿಕ್ಕಿತು. 2012ರಲ್ಲಿ ಶಿವಮೊಗ್ಗದ ರೂಮಿನಲ್ಲಿ ಜೊತೆಗಿದ್ದ ನಾಲ್ವರಿಗೆ ಹೇಳಿದ್ದೆ. ತೀರ್ಪು ರದ್ದಾದ ವಾರ ಅವರಲ್ಲೊಬ್ಬ ನಗುತ್ತಲೇ ‘ಇನ್ನು ಮೇಲೆ ಹುಷಾರು, ಪೊಲೀಸಿಗೆ ಹೇಳಿಬಿಟ್ಟೇನು’ ಎಂದ. ತಮಾಷೆ ಎಂದುಕೊಂಡಿದ್ದ. ನಾನು ಆ ತಿಂಗಳೇ ರೂಮು ಬದಲಿಸಿ, ಹೊಸ ರೂಮಿನಲ್ಲಿ ಯಾರಿಗೂ ಏನೂ ಹೇಳದೆ ಐದು ವರ್ಷ ಇದ್ದೆ. ಮೇಲೆ ಬಾಗಿಲ ಮಾತು ಬಂತು. ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ.

ಅಡಿಕೆ ಮಂಡಿ
ಬಾಗಿಲ ಮಾತು ಮೇಲೆ ಯಾರೂ ಆಡಿಲ್ಲ.

ತುಂಗೆಯ ದಡ
ಶೀರ್ಷಿಕೆ ಓದಿ ಸ್ವಾಮಿ. ಒಳಗೆ, ಹೊರಗೆ ಎಂದಮೇಲೆ ನಡುವೆ ಬಾಗಿಲಿರುವುದಿಲ್ಲವೇ?

ಕನ್ನಡ ಶಾಲೆ
ಪದದ ವಿಷಯ ಬಂದಿದ್ದರಿಂದ ಕೇಳುತ್ತೇನೆ, ಕನ್ನಡದಲ್ಲಿ ‘ಗೇ’ ಎಂಬುದಕ್ಕೆ ಸರಿಯಾದ ಪದವೇ ಇಲ್ಲವೇ? ಪತ್ರಿಕೆಗಳು ‘ಸಲಿಂಗಕಾಮಿ’ ಎಂದು ಬರೆಯುತ್ತವೆ. ಮಗ ಅಮ್ಮನ ಎದುರು ನಿಂತು ‘ನಾನು ಕಾಮಿ’ ಎಂದು ಹೇಗೆ ಹೇಳಿಯಾನು? ಆ ಪದದಲ್ಲಿ ಪ್ರೀತಿಗೆ ಜಾಗವೇ ಇಲ್ಲ.

ಕವಲೇದುರ್ಗ
ಈ ಪದದಿಂದಾಗಿಯೇ ನಾನು ಒಂದು ವರ್ಷ ತಡಮಾಡಿದೆ. ಕೊನೆಗೆ ಹೇಳಿದ್ದು ಹೀಗೆ: ‘ಅಮ್ಮ, ನನಗೆ ಗಂಡಸರ ಜೊತೆ ಬಾಳುವ ಮನಸ್ಸು ಬರುವುದಿಲ್ಲ. ಹುಡುಗಿಯರ ಮೇಲೇ ಬರುತ್ತದೆ.’ ಪದವಿಲ್ಲದಿದ್ದರೆ ವಾಕ್ಯ ಸಾಕು. ಆಮೇಲೆ ಆದದ್ದು ಬೇರೆ ಕಥೆ.

ಕನ್ನಡ ಶಾಲೆ
ಆ ಕಥೆ ಹೇಳಬಹುದಾದರೆ ಹೇಳಿ.

ಕವಲೇದುರ್ಗ
ಅಮ್ಮ ಅಪ್ಪನಿಗೆ ಹೇಳಿದಳು, ಅಪ್ಪ ದೊಡ್ಡಪ್ಪನಿಗೆ. ಮೊದಲು ಮೈಮೇಲೆ ದೇವರು ಬರುವ ಪಾತ್ರಿಯ ಹತ್ತಿರ ಕರೆದೊಯ್ದರು. ಚೌಡಿ ಉಪದ್ರ, ಹರಕೆ ಬಾಕಿ ಇದೆ ಎಂದಾಯಿತು. ಹರಕೆ ತೀರಿಸಿದರೂ ನಾನು ಬದಲಾಗದ್ದರಿಂದ ಪಟ್ಟಣದ ಒಬ್ಬ ವೈದ್ಯರ ಬಳಿಗೆ. ಅವರು ಮಾತ್ರೆ ಬರೆದುಕೊಟ್ಟು, ‘ಬೇಗ ಮದುವೆ ಮಾಡಿ, ಸರಿಹೋಗುತ್ತದೆ’ ಎಂದರು. ಆರು ತಿಂಗಳು ಆ ಮಾತ್ರೆ ನುಂಗಿ ಹಗಲೆಲ್ಲ ತೂಕಡಿಸುತ್ತಿದ್ದೆ. ಮೊಬೈಲ್ ಕಿತ್ತುಕೊಂಡಿದ್ದರು.

ಹುಡುಗರು ‘ಯಾವಾಗ ಹೇಳಲಿ’ ಎಂದು ಕೇಳುತ್ತೀರಿ. ಹುಡುಗಿಯರಿಗೆ ಅದಕ್ಕೂ ಮುಂಚಿನ ಪ್ರಶ್ನೆ ಒಂದಿದೆ: ಹೇಳಿದ ಮರುದಿನ ಮನೆಯಿಂದ ಹೊರಗೆ ಕಾಲಿಡಲು ಬಿಡುತ್ತಾರೆಯೇ? ನಿಮಗೆ ಬೆಂಗಳೂರಿನ ಕೆಲಸ ಇದೆ. ನನಗೆ ಆಗ ಬಸ್ಸಿನ ದುಡ್ಡೂ ಇರಲಿಲ್ಲ. ಬಿ.ಎಡ್. ಸೀಟು ಸಿಕ್ಕಿತು ಎಂಬ ನೆಪದಲ್ಲಿ ಹೊರಬಂದೆ. ಈಗ ಸಂಬಳ ಬರುತ್ತದೆ, ಹಬ್ಬಕ್ಕೆ ಹೋಗುತ್ತೇನೆ, ಯಾರೂ ಏನೂ ಕೇಳುವುದಿಲ್ಲ. ಸಂಬಳ ಬಂದಮೇಲೆ ಚೌಡಿಯೂ ಸುಮ್ಮನಾದಳು.

ಆಪ್ತಸಮಾಲೋಚಕಿ, ಶಿವಮೊಗ್ಗ
ಕವಲೇದುರ್ಗದವರೇ, ನಿಮಗೆ ಆದದ್ದು ತಪ್ಪು ಚಿಕಿತ್ಸೆ. ಇದು ಕಾಯಿಲೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ತನ್ನ ಪಟ್ಟಿಯಿಂದ ತೆಗೆದಿದೆ. ‘ಬದಲಿಸುವ ಚಿಕಿತ್ಸೆ’ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ರಾಜ್ಯಗಳ ವೈದ್ಯಕೀಯ ಪರಿಷತ್ತುಗಳಿಗೆ ತಿಳಿಸಿದೆ. ಯಾರಾದರೂ ವೈದ್ಯರು ಮಾತ್ರೆ ಕೊಟ್ಟು ಸರಿಮಾಡುತ್ತೇನೆ ಎಂದರೆ ಚೀಟಿ ಎಸೆಯಬೇಡಿ. ದೂರು ಕೊಡಲು ಅದೇ ಆಧಾರ.

ಇಲ್ಲಿ ಓದುತ್ತಿರುವ ಅಪ್ಪ ಅಮ್ಮಂದಿರಿಗೆ ಒಂದು ಮಾತು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಅಧ್ಯಯನವೊಂದು ಪ್ರಕಟವಾಯಿತು. ಮನೆಯವರು ತೀವ್ರವಾಗಿ ತಿರಸ್ಕರಿಸಿದ ಮಕ್ಕಳಲ್ಲಿ ಆತ್ಮಹತ್ಯೆಗೆ ಯತ್ನಿಸಿದವರ ಪ್ರಮಾಣ, ತಿರಸ್ಕಾರ ಕಾಣದ ಅಥವಾ ಕಡಿಮೆ ಕಂಡ ಮಕ್ಕಳಿಗಿಂತ ಎಂಟು ಪಟ್ಟಿಗೂ ಹೆಚ್ಚಿತ್ತು. ನೀವು ತಕ್ಷಣ ಒಪ್ಪಿಕೊಳ್ಳಬೇಕಾಗಿಲ್ಲ, ಅರ್ಥವೂ ಆಗಬೇಕಾಗಿಲ್ಲ. ಆ ರಾತ್ರಿ ಊಟಕ್ಕೆ ಕರೆಯಿರಿ, ಸಾಕು. ಮನಸ್ಸು ತೀರಾ ಕುಸಿದರೆ 14416ಕ್ಕೆ ಕರೆ ಮಾಡಬಹುದು, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತನಾಡುತ್ತಾರೆ.

ಭದ್ರಾವತಿಯ ಅಕ್ಕ
ನಿಮ್ಮೆಲ್ಲರದು ಹೇಳಬೇಕೋ ಬೇಡವೋ ಎಂಬ ಚರ್ಚೆ. ನಾನು ಲಿಂಗತ್ವ ಅಲ್ಪಸಂಖ್ಯಾತೆ, ಟ್ರಾನ್ಸ್‌ಜೆಂಡರ್. ನಮಗೆ ಆ ಆಯ್ಕೆಯನ್ನು ಯಾರು ಕೊಟ್ಟಿದ್ದರು? ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ನಡಿಗೆ ಹೇಳಿಬಿಟ್ಟಿತ್ತು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು. ಏಳನೇ ತರಗತಿಗೇ ಇಡೀ ಬೀದಿಗೆ ಗೊತ್ತಿತ್ತು, ನನಗೇ ಆಮೇಲೆ ಗೊತ್ತಾಯಿತು.

ಹದಿನೇಳಕ್ಕೆ ಮನೆ ಬಿಟ್ಟೆ. ಮನೆಯವರು ಹುಡುಕಲಿಲ್ಲ. ಹದಿನಾಲ್ಕು ವರ್ಷ ಫೋನಿಲ್ಲ. 2021ರ ನವೆಂಬರಿನಲ್ಲಿ, ನನ್ನಂತೆಯೇ ಆದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗು ಹಿಡಿದು ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದರಲ್ಲ, ಅದು ಟಿವಿಯಲ್ಲಿ ಬಂದ ದಿನ ರಾತ್ರಿ ನನ್ನ ಅಮ್ಮ ಯಾರದೋ ಫೋನಿನಿಂದ ಕರೆ ಮಾಡಿದಳು. ‘ಟಿವಿ ನೋಡಿದೆಯಾ?’ ಎಂದಳು. ‘ನೋಡಿದೆ’ ಎಂದೆ. ‘ನೀನೂ ಸೀರೆ ಉಡುತ್ತೀಯಾ?’ ಎಂದಳು. ಅಷ್ಟೇ ಮಾತು. ಮುಂದಿನ ಯುಗಾದಿಗೆ ಒಂದು ಸೀರೆ ಬಂತು.

ಸೋಗೆಮನೆ
ಅಕ್ಕ, ಕಣ್ಣು ಒದ್ದೆಯಾಯಿತು.

ಯಕ್ಷಪ್ರಿಯ
ನಮ್ಮ ಸಂಸ್ಕೃತಿಯಲ್ಲಿ ಇದಕ್ಕೆಲ್ಲ ಜಾಗ ಇತ್ತು ಎಂಬುದನ್ನು ಮರೆಯಬಾರದು. ಚಂದ್ರಗುತ್ತಿಯ ರೇಣುಕಾಂಬೆಯ ಸನ್ನಿಧಿಗೆ ಬರುವ ಜೋಗತಿಯರಿಗೆ ಜನ ಕೈಮುಗಿಯುತ್ತಾರೆ. ಯಕ್ಷಗಾನದ ಸ್ತ್ರೀವೇಷಕ್ಕೆ ಎಷ್ಟು ಗೌರವ! ನಮ್ಮ ಊರು ಹೊರಗಿನವರು ಅಂದುಕೊಂಡಷ್ಟು ಕ್ರೂರವಲ್ಲ.

ಭದ್ರಾವತಿಯ ಅಕ್ಕ
ಕೈಮುಗಿಯುತ್ತಾರೆ, ಒಪ್ಪಿದೆ. ಅದೇ ಜೋಗತಿಗೆ ಬಾಡಿಗೆ ಮನೆ ಕೊಡುತ್ತಾರೆಯೇ? ದೇವಿಯ ಹೆಸರು ಹೊತ್ತರೆ ಮಾತ್ರ ಅಂಗಳದವರೆಗೆ ಜಾಗ. ನನಗೆ ಕೊಡ ಹೊರುವ ಮನಸ್ಸಿರಲಿಲ್ಲ, ಟೈಲರಿಂಗ್ ಮಾಡಬೇಕಿತ್ತು.

ಈಗ ದೇವಿಯ ಬದಲು ಕಾಗದ ಬಂದಿದೆ. ನಮ್ಮ ಗುರುತನ್ನು ನಾವೇ ಹೇಳಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2021ರಲ್ಲಿ ನಮ್ಮ ರಾಜ್ಯ ಸರ್ಕಾರಿ ಕೆಲಸದಲ್ಲಿ 1 ಶೇಕಡಾ ಮೀಸಲಾತಿ ಕೊಟ್ಟಿತು. ಒಳ್ಳೆಯದೇ. ಆದರೆ ಶಾಲೆಯಲ್ಲಿ ಕೂರಲು ಬಿಡದಿದ್ದರೆ ಅರ್ಜಿ ಹಾಕುವ ವಿದ್ಯೆ ಎಲ್ಲಿಂದ ಬರಬೇಕು?

ಸ್ತ್ರೀವೇಷ
ಯಕ್ಷಪ್ರಿಯರೇ, ನಾನು ಹನ್ನೆರಡು ವರ್ಷ ಸ್ತ್ರೀವೇಷ ಮಾಡಿದವನು. ಎರಡು ಮಾತು. ಒಂದು, ಸ್ತ್ರೀವೇಷದವರೆಲ್ಲ ‘ಹಾಗೆ’ ಎಂದು ತಿಳಿಯಬೇಡಿ, ನನಗೆ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ, ಅವರ ಜೊತೆ ಸುಖವಾಗಿದ್ದೇನೆ. ಎರಡು, ರಂಗದ ಮೇಲೆ ದ್ರೌಪದಿಗೆ ಕಣ್ಣೀರು ಹಾಕಿದವರೇ ಚೌಕಿಯ (ಬಣ್ಣ ಹಚ್ಚುವ ಜಾಗದ) ಹಿಂದೆ ಬಂದು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾಗದು. ಗೌರವ ವೇಷಕ್ಕೆ. ಬಣ್ಣ ಒರೆಸುವವರೆಗೆ.

ಯಕ್ಷಪ್ರಿಯ
ಯಾವ ಮೇಳದಲ್ಲಿದ್ದಿರಿ? ಬಡಗೋ ತೆಂಕೋ?

ನಿರ್ವಾಹಕರು
ಮೇಳದ ಚರ್ಚೆಗೆ ಬೇರೆ ಎಳೆ ಇದೆ. ಮಧ್ಯರಾತ್ರಿ ಬಂದ ಎರಡು ಅಸಭ್ಯ ಬರಹಗಳನ್ನು ತೆಗೆದಿದ್ದೇವೆ. ಯಾರೂ ಯಾರ ಊರು, ಮನೆತನ ಊಹಿಸಿ ಬರೆಯಬೇಡಿ.

ಅಡಿಕೆ ಮಂಡಿ
ಊಹಿಸುವುದೇ ಬೇಡ, ನೆಂಟರು ಈಗಾಗಲೇ ಹುಡುಕುತ್ತಿರುತ್ತಾರೆ. ಮೊದಲು ಸುದ್ದಿ ಲಾಂಚಿಗೆ ಕಾದು ನದಿ ದಾಟುತ್ತಿತ್ತು, 2025ರಲ್ಲಿ ಸಿಗಂದೂರು ಸೇತುವೆ ಆದಮೇಲೆ ಅದೂ ನೇರ ಬಸ್ಸು.

ಸೋಗೆಮನೆ
ಸೇತುವೆ ಆಯಿತು, ನಮ್ಮ ಗುಡ್ಡಕ್ಕೆ ನೆಟ್‌ವರ್ಕ್ ಬರಲಿಲ್ಲ. ಇದನ್ನು ಬರೆಯಲು ನಾನು ಹಲಸಿನ ಮರದ ಬುಡಕ್ಕೆ ಬಂದು ನಿಂತಿದ್ದೇನೆ. ಮೈಯೆಲ್ಲ ಉಂಬಳ, ಕಾಡಿನ ಜಿಗಣೆ.

ಕರಿಕೋಟು
ಮೊಬೈಲಿನ ಮಾತು ಬಂದಾಗ ಹೇಳಿಬಿಡುತ್ತೇನೆ. ಡೇಟಿಂಗ್ ಆ್ಯಪಿನಲ್ಲಿ ಪರಿಚಯ ಮಾಡಿಕೊಂಡು, ಚಿತ್ರ ತೆಗೆದು, ಮನೆಗೆ ಕಳಿಸುತ್ತೇನೆ ಎಂದು ಹಣ ಕೀಳುವವರಿದ್ದಾರೆ. ಬಚ್ಚಿಟ್ಟವನ ಭಯವೇ ಅವರ ಬಂಡವಾಳ. ಅದು ಸುಲಿಗೆ, ನ್ಯಾಯ ಸಂಹಿತೆಯ 308ನೇ ಕಲಮು. ದೂರು ಕೊಟ್ಟರೆ ನೀವು ಅಪರಾಧಿಯಾಗುವುದಿಲ್ಲ, ಆ ಕಾಲ ಹೋಯಿತು. ಸಂದೇಶಗಳನ್ನು ಅಳಿಸಬೇಡಿ.

ಹಳೆಯ ಓದುಗ
ಎರಡು ದಿನದಿಂದ ಓದುತ್ತಿದ್ದೇನೆ. ತೀರ್ಥಹಳ್ಳಿ ಕಡೆಯವನು, 58 ವರ್ಷ. 1992ರಲ್ಲಿ ಮದುವೆಯಾಯಿತು. ಇಬ್ಬರು ಮಕ್ಕಳು. ಮಾಣಿ ಕೇಳಿದ್ದಾನೆ, ನುಂಗಿಕೊಳ್ಳುವಂತೆ ಮಾಡುವುದು ಯಾವುದು ಎಂದು. ನನ್ನ ಕಾಲದಲ್ಲಿ ನುಂಗುವುದು ಏನನ್ನು ಎಂಬುದೇ ಗೊತ್ತಿರಲಿಲ್ಲ. ನನ್ನಂಥವನು ಇನ್ನೊಬ್ಬ ಇದ್ದಾನೆ ಎಂದು ತಿಳಿದದ್ದು ಮೂವತ್ತೈದರ ನಂತರ. ಅಲ್ಲಿಯವರೆಗೆ ಇದು ನನಗೊಬ್ಬನಿಗೇ ಬಂದ ಶಾಪ ಎಂದುಕೊಂಡಿದ್ದೆ. ಮದುವೆಯಾದರೆ ಹೋಗುತ್ತದೆ ಎಂದು ನಂಬಿದ್ದೆ, ಯಾರಿಗೂ ಮೋಸ ಮಾಡಬೇಕೆಂದಿರಲಿಲ್ಲ. ಅದು ಹೋಗಲಿಲ್ಲ. ನಾನು ಒಳ್ಳೆಯ ಗಂಡನಾಗಲು ಬಹಳ ದುಡಿದೆ. ತೋಟ ದುಪ್ಪಟ್ಟಾಯಿತು.

ಈಗ ಯಾರಿಗೂ ಹೇಳುವ ಆಸೆಯಿಲ್ಲ. ಇಲ್ಲಿ ಬರೆದದ್ದೇ ಆಯಿತು.

ನೆಲ್ಲಿಕಾಯಿ
ಹಿರಿಯರೇ, ನಿಮ್ಮ ಮೇಲೆ ಸಿಟ್ಟಿಲ್ಲ, ಆದರೆ ಇದನ್ನು ಓದಿ ಸುಮ್ಮನಿರಲಾಗುತ್ತಿಲ್ಲ. ನಾನು ಆ ಮದುವೆಯ ಇನ್ನೊಂದು ಬದಿ.

ನನ್ನನ್ನು ನೋಡಲು ಬಂದಾಗ ಅವನು ಕೋಡುಬಳೆ ತಿನ್ನದೆ ತಟ್ಟೆ ನೋಡುತ್ತ ಕುಳಿತಿದ್ದ. ನಾಚಿಕೆ ಎಂದರು ನಮ್ಮವರು. ಮದುವೆಯಾಗಿ ಮೂರು ವರ್ಷ ಅವನು ನನ್ನ ಕಡೆ ತಿರುಗಲಿಲ್ಲ. ಕೆಟ್ಟವನಲ್ಲ, ಒಂದು ಏಟು ಹೊಡೆದವನಲ್ಲ. ತಪ್ಪು ನನ್ನದೇ ಎಂದುಕೊಂಡು ನಾನು ಮಾಡದ ವ್ರತವಿಲ್ಲ. ಅತ್ತೆ ‘ಇನ್ನೂ ಏನೂ ಇಲ್ಲವಾ?’ ಎಂದು ನನ್ನ ಹೊಟ್ಟೆ ನೋಡಿ ಕೇಳುತ್ತಿದ್ದರು. ಅವನ ಅಮ್ಮನಿಗೆ ಮೊದಲೇ ಅನುಮಾನವಿತ್ತು ಎಂದು ವಿಚ್ಛೇದನದ ನಂತರ ತಿಳಿಯಿತು. ಮದುವೆಯಾದರೆ ಸರಿಹೋಗುತ್ತದೆ ಎಂದುಕೊಂಡಿದ್ದರಂತೆ. ಅವರ ಮಗನಿಗೆ ನಾನು ಔಷಧಿ. ಔಷಧಿಗೆ ನೋವಾಗುತ್ತದೆಯೇ ಎಂದು ಯಾರು ಕೇಳುತ್ತಾರೆ?

ಮಾಣಿ, ನಿನಗೆ ತಮ್ಮನಂತೆ ತಿಳಿದು ಹೇಳುತ್ತೇನೆ. ಅಪ್ಪಯ್ಯನಿಗೆ ಹೇಳುವುದು ಬಿಡುವುದು ನಿನ್ನ ಇಷ್ಟ, ಹತ್ತು ವರ್ಷ ಬೇಕಾದರೂ ತೆಗೆದುಕೋ. ಆದರೆ ಕೋಡುಬಳೆ ತಟ್ಟೆಯ ಮುಂದೆ ಹೋಗಿ ಕೂರಬೇಡ. ಒಳಗೆ ಒಬ್ಬಳು ಸೀರೆ ಉಟ್ಟು ಕಾಯುತ್ತಿರುತ್ತಾಳೆ.

ಹಳೆಯ ಓದುಗ
ತಾಯಿ, ನೀವು ಹೇಳಿದ್ದು ನಿಜ. ನನ್ನ ಹೆಂಡತಿ ಒಮ್ಮೆಯೂ ಏನನ್ನೂ ಕೇಳಿಲ್ಲ. ಕೇಳಲಿಲ್ಲವಲ್ಲ ಎಂದು ಇಷ್ಟು ವರ್ಷ ಸಮಾಧಾನಪಟ್ಟಿದ್ದೆ. ಈಗ ಆ ಸಮಾಧಾನ ಹೋಯಿತು.

ನೆಲ್ಲಿಕಾಯಿ
ನಾನು ನಿಮ್ಮನ್ನು ನೋಯಿಸಲು ಬರೆದದ್ದಲ್ಲ. ಅವರು ಚೆನ್ನಾಗಿದ್ದಾರೆಯೇ?

ಹಳೆಯ ಓದುಗ
ಇದ್ದಾಳೆ. ಈಗ ಅಪ್ಪೆಮಿಡಿಯ ಭರಣಿ ತೊಳೆಯುತ್ತಿದ್ದಾಳೆ. ಹೋಗಿ ಸಹಾಯ ಮಾಡುತ್ತೇನೆ.

ನಿವೃತ್ತ ಮೇಷ್ಟರು, ಕೊಪ್ಪ
ಉತ್ತರ ಯೋಚಿಸಿ ಬರೆಯುತ್ತೇನೆ ಎಂದಿದ್ದೆ. ನನ್ನ ಹತ್ತಿರ ಉತ್ತರವಿಲ್ಲ. ಹೇಳದಿದ್ದರೆ ಯಾರಿಗೂ ನಷ್ಟವಿಲ್ಲ ಎಂಬ ಲೆಕ್ಕದಲ್ಲಿದ್ದೆ. ಈ ಹೆಣ್ಣುಮಗಳನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆದರೂ ಜಗಲಿಯ ಮಾತನ್ನು ಪೂರ್ತಿ ಹಿಂತೆಗೆದುಕೊಳ್ಳುವುದಿಲ್ಲ, ಎಲ್ಲವನ್ನೂ ಎಲ್ಲರಿಗೂ ಸಾರಬೇಕಿಲ್ಲ.

ತುಂಗೆಯ ದಡ
ಮೇಷ್ಟರಿಗೆ ಪಾಸು ಮಾರ್ಕು ಕೊಡಿ.

ಒಬ್ಬ ಅಮ್ಮ
ನನಗೆ ಟೈಪು ನಿಧಾನ, ಮಗಳು ಬರೆದುಕೊಡುತ್ತಿದ್ದಾಳೆ. ನನ್ನ ಮಗ ಹೇಳಿ ಆರು ವರ್ಷವಾಯಿತು. ನನಗೆ ಸಿಟ್ಟು ಬಂದದ್ದು ಅವನು ಹಾಗಿರುವುದಕ್ಕಲ್ಲ. ಅವನ ಗೆಳೆಯರಿಗೆಲ್ಲ ಮೊದಲೇ ಗೊತ್ತಿತ್ತು, ನನ್ನ ತಂಗಿಗೂ ಗೊತ್ತಿತ್ತು, ಹೆತ್ತವಳು ಕೊನೆಯವಳು. ‘ನಿನ್ನ ಹೆದರಿಕೆ ಇತ್ತಮ್ಮ’ ಎಂದ. ನಾನು ಅಷ್ಟು ಹೆದರಿಸುವವಳೇ ಎಂದು ಹಲವು ರಾತ್ರಿ ಯೋಚಿಸಿದೆ. ಆಮೇಲೆ ನೆನಪಾಯಿತು, ಅವನು ಹತ್ತನೇ ತರಗತಿಯಲ್ಲಿದ್ದಾಗ ಟಿವಿಯಲ್ಲಿ ಯಾವುದೋ ಸುದ್ದಿ ಬಂದಿತ್ತು. ‘ಇಂಥ ಮಕ್ಕಳು ಹುಟ್ಟುವ ಬದಲು ಬಂಜೆಯಾಗಿದ್ದರೆ ಚೆಂದ’ ಎಂದು ನಾನೇ ಅಂದಿದ್ದೆ. ನನಗೆ ಆ ಮಾತು ಮರೆತೇ ಹೋಗಿತ್ತು. ಅವನು ಅಲ್ಲೇ ಊಟ ಮಾಡುತ್ತಿದ್ದ.

ಅವನ ಅಪ್ಪನಿಗೆ ಇನ್ನೂ ನೇರವಾಗಿ ಹೇಳಿಲ್ಲ. ಗೊತ್ತಿದೆ ಎಂದು ನನಗೆ ಗೊತ್ತು. ಮಗನ ಗೆಳೆಯ ಮನೆಗೆ ಬಂದರೆ ಇವರೇ ಎಳನೀರು ಕೊಚ್ಚಿ ಕೊಡುತ್ತಾರೆ.

ಶಂಕರಘಟ್ಟದ ಹಾಸ್ಟೆಲ್
ನನ್ನ ಟಿಪ್ಪಣಿ ಪುಸ್ತಕದಲ್ಲಿ ‘ಕುಟುಂಬದ ಮನೋಭಾವ’ ಎಂಬ ಒಂದು ಕಾಲಂ ಇದೆ. ಅಮ್ಮ ಹೇಳಿದ ಈ ಊಟದ ಹೊತ್ತು ಆ ಕಾಲಮಿನಲ್ಲಿ ಹಿಡಿಸುವುದಿಲ್ಲ.

ಸೊರಬದವನು
ಅಮ್ಮ, ನಮ್ಮ ಮನೆಯಲ್ಲಿ ಟಿವಿ ಮುಂದೆ ಇಂಥ ಮಾತು ಬಂದಾಗಲೆಲ್ಲ ನಾನು ನೀರು ಕುಡಿಯಲು ಎದ್ದು ಹೋಗುತ್ತೇನೆ.

ಒಬ್ಬ ಅಮ್ಮ
ನಮ್ಮ ಮನೆ ಆಯನೂರಿನ ಹತ್ತಿರ ಇದೆ ಮಗ. ನಿರ್ವಾಹಕರ ಮೂಲಕ ಕೇಳಿ ಬಾ, ಊಟ ಮಾಡಿಕೊಂಡು ಹೋಗುವೆಯಂತೆ.

ಹಿನ್ನೀರಿನ ಮಾಣಿ · ಮುಂದಿನ ಶುಕ್ರವಾರ ರಾತ್ರಿ 11:15
ಎಲ್ಲರಿಗೂ ಬೇರೆಬೇರೆಯಾಗಿ ಉತ್ತರಿಸಲು ಆಗಿಲ್ಲ. ನೆಲ್ಲಿಕಾಯಿ ಅಕ್ಕನ ಬರಹವನ್ನು ನನ್ನ ಅಕ್ಕನಿಗೆ ಕಳಿಸಿದೆ. ಅವಳು ಏನೂ ಬರೆಯಲಿಲ್ಲ. ಮರುದಿನ ರಜೆ ಹಾಕಿ, ನನಗೆ ಹೇಳದೆ ಊರಿಗೆ ಹೋಗಿದ್ದಾಳೆ. ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿಬಿಟ್ಟಿದ್ದಾಳೆ. ನಾನು ಹೇಳಬೇಕಾದ್ದನ್ನು ಅವಳು ಹೇಳಿದಳೆಂದು ಮೊದಲು ವಿಪರೀತ ಕೋಪ ಬಂತು.

ನಿನ್ನೆ ರಾತ್ರಿ ಅಮ್ಮನ ಫೋನು. ‘ಊಟ ಆಯಿತಾ?’ ಎಂದಳು. ಆಯಿತು ಎಂದೆ. ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸುತ್ತಿತ್ತು. ‘ಚಿಕ್ಕಪ್ಪನ ಕೈಯಿಂದ ಜಾತಕ ವಾಪಸು ತರಿಸಿದ್ದೇನೆ. ಅಪ್ಪಯ್ಯನಿಗೆ ಈಗಲೇ ಬೇಡ, ಕೊಳೆ ರೋಗಕ್ಕೆ ಅರ್ಧ ಅಡಿಕೆ ಉದುರಿದೆ, ಅದೇ ತಲೆಬಿಸಿಯಲ್ಲಿದ್ದಾರೆ. ಹಬ್ಬಕ್ಕೆ ಬಾ’ ಎಂದು ಫೋನಿಟ್ಟಳು. ಮತ್ತೇನೂ ಇಲ್ಲ. ಇದನ್ನು ಏನೆಂದು ತಿಳಿಯಬೇಕೋ ನನಗೆ ಗೊತ್ತಾಗುತ್ತಿಲ್ಲ.

ಕವಲೇದುರ್ಗ
ಜಾತಕ ವಾಪಸು ತರಿಸಿದಳಾ! ನಮ್ಮ ಅಮ್ಮನಿಗೆ ಆರು ವರ್ಷ ಬೇಕಾಯಿತು.

ಭದ್ರಾವತಿಯ ಅಕ್ಕ
ಅಕ್ಕನ ಮೇಲಿನ ಕೋಪ ಇರಲಿ, ಬೇಗ ಇಳಿಸಬೇಡ. ಆದರೆ ಹಬ್ಬಕ್ಕೆ ಅವಳಿಗೊಂದು ಸೀರೆ ತೆಗೆದುಕೊಂಡು ಹೋಗು.

ಅಡಿಕೆ ಮಂಡಿ
ಕೊಳೆಗೆ ಬೋರ್ಡೋ ದ್ರಾವಣದ ಔಷಧಿ ಹೊಡೆದದ್ದು ಎಷ್ಟು ಸಲ? ಮಳೆ ಬಿಡುವು ಕೊಟ್ಟಾಗ ಇನ್ನೊಂದು ಸಲ ಹೊಡೆಯಲು ಹೇಳಿ. ಅದಿರಲಿ, ಹೊಸನಗರದ ಚಿಕ್ಕಪ್ಪ ಸುಮ್ಮನೆ ಜಾತಕ ಬಿಟ್ಟುಕೊಡುವ ಆಸಾಮಿಯಲ್ಲ ಎಂದಿದ್ದೆಯಲ್ಲ, ಅಮ್ಮ ಏನು ಕಾರಣ ಕೊಟ್ಟರಂತೆ?

ಹಿನ್ನೀರಿನ ಮಾಣಿ
ಈ ವರ್ಷ ಗುರುಬಲ ಇಲ್ಲ ಎಂದಳಂತೆ.

ಅಡಿಕೆ ಮಂಡಿ
ಮುಂದಿನ ವರ್ಷ?

ಹಿನ್ನೀರಿನ ಮಾಣಿ
ಅಕ್ಕ ಕೇಳಿದಳಂತೆ. ‘ಮುಂದಿನ ವರ್ಷಕ್ಕೆ ಶನಿ ಇದ್ದಾನಲ್ಲ’ ಎಂದಳಂತೆ.